ಓದುಗರ ಪ್ರಶ್ನೆ: ವೆಲ್ಡಿಂಗ್ ಟೇಬಲ್ಲಿಗೆ ಎಷ್ಟು ದಪ್ಪದ ಪ್ಲೇಟ್ ಬೇಕು?

ಪ್ರಶ್ನೆ: ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಡುವಿನ ವೇಳೆಯಲ್ಲಿ ಸಣ್ಣ ಗೇಟು, ಕಿಟಕಿಯ ಗ್ರಿಲ್, ಬೆಂಚುಗಳ ಚೌಕಟ್ಟು ಮಾಡುತ್ತೇನೆ. ನೆಲದ ಮೇಲೆ ಜೋಡಿಸಿದರೆ ಮೂಲೆಗಳು ಸರಿಬರುವುದಿಲ್ಲ. ಆದ್ದರಿಂದ 4 ಅಡಿ ಉದ್ದದ, ತೂತುಗಳಲ್ಲಿ ಪಿನ್ನು, ಕ್ಲಾಂಪು ಹಾಕಿ ತುಂಡುಗಳನ್ನು ಸರಿಯಾಗಿ ಹಿಡಿದಿಡುವ ಫಿಕ್ಸ್ಚರ್ ಟೇಬಲ್ ಮಾಡಿಕೊಳ್ಳಬೇಕೆಂದಿದ್ದೇನೆ. 20 ಮಿ.ಮೀ. ಪ್ಲೇಟ್ ಹಾಕಿಸಿದರೆ ಎಂದಿಗೂ ಬಗ್ಗುವುದಿಲ್ಲ ಎನ್ನುತ್ತಾರೆ. ಇದು ನಿಜವೇ?

ಉತ್ತರ: 1200×800 ಮಿ.ಮೀ. ಅಳತೆಯ ಮನೆಬಳಕೆಯ ಟೇಬಲ್ಲಿಗೆ 12 ಮಿ.ಮೀ. ದಪ್ಪ ಸಾಕು. ಮೇಲೆ ಹೊರುವ ಭಾರದಿಂದ ಪ್ಲೇಟ್ ಬಗ್ಗುವುದು ಅಪರೂಪ. ಟೇಬಲ್ ಮಾಡುವ ದಿನವೇ, ಪ್ಲೇಟನ್ನು ಚೌಕಟ್ಟಿಗೆ ಬೆಸೆಯುವಾಗ, ನಾವೇ ಅದನ್ನು ಬಗ್ಗಿಸಿಬಿಡುತ್ತೇವೆ. ಹಾಗೆ ಬೆಸೆದರೆ 20 ಮಿ.ಮೀ. ಪ್ಲೇಟ್ ಕೂಡ ಸ್ವಲ್ಪವಾದರೂ ಸೊಟ್ಟಗಾಗುತ್ತದೆ.

ಕಬ್ಬಿಣದ ಅಂಗಡಿಯವರು ಪ್ಲೇಟನ್ನು ತೂಕದ ಲೆಕ್ಕದಲ್ಲಿ ಮಾರುವುದರಿಂದ ದಪ್ಪದ ಪ್ರಶ್ನೆ ಮೊದಲಿಗೆ ಹಣದ ಪ್ರಶ್ನೆ. ಒಂದು ಚದರ ಮೀಟರ್ ಪ್ಲೇಟ್ ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕೆ.ಜಿ. ತೂಗುತ್ತದೆ. ನಿಮ್ಮ ಅಳತೆಗೆ 12 ಮಿ.ಮೀ. ಪ್ಲೇಟ್ ಸುಮಾರು 90 ಕೆ.ಜಿ., 20 ಮಿ.ಮೀ. ಪ್ಲೇಟ್ ಸುಮಾರು 150 ಕೆ.ಜಿ. ಆಗುತ್ತದೆ. ಪ್ಲೇಟಿನ ಬಿಗುವು (ಬಗ್ಗದೆ ನಿಲ್ಲುವ ಗುಣ) ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಗುಜರಿಯಲ್ಲಿ ಅಗ್ಗಕ್ಕೆ ಸಿಗುವ 6 ಮಿ.ಮೀ. ಪ್ಲೇಟಿಗಿಂತ 12 ಮಿ.ಮೀ. ಪ್ಲೇಟ್ ಎರಡು ಪಟ್ಟು ಭಾರವಾಗಿದ್ದರೂ ಎಂಟು ಪಟ್ಟು ಬಿಗುವಾಗಿರುತ್ತದೆ. ಅದಕ್ಕಿಂತ ದಪ್ಪಕ್ಕೆ ಹೋದರೂ ಬಿಗುವು ಹೆಚ್ಚುತ್ತದೆ ನಿಜ, ಆದರೆ ಕೆಳಗೆ ಸರಿಯಾದ ಆಧಾರವಿರುವ ಟೇಬಲ್ಲಿಗೆ ಅದರ ಅಗತ್ಯ ಬೀಳುವುದಿಲ್ಲ. ಜರ್ಮನಿಯ ಝೀಗ್‌ಮುಂಡ್ ಕಂಪನಿಯ ಟೇಬಲ್ಲುಗಳಲ್ಲಿಯೂ 16 ಮಿ.ಮೀ. ತೂತಿನ ಮಾದರಿಗೆ 12 ಮಿ.ಮೀ. ದಪ್ಪವನ್ನೇ ಇಟ್ಟಿದ್ದಾರೆ, 25 ಮಿ.ಮೀ. ದಪ್ಪ ಇರುವುದು 28 ಮಿ.ಮೀ. ತೂತಿನ, ಕಾರ್ಖಾನೆಯ ಭಾರಿ ಕೆಲಸದ ಮಾದರಿಯಲ್ಲಿ.

ಇನ್ನು ಸೊಟ್ಟಗಾಗುವ ಬಗೆಯನ್ನು ನೋಡೋಣ. ಬೆಸುಗೆ ಹಾಕಿದ ಜಾಗದಲ್ಲಿ ಉಕ್ಕು ಕರಗಿ, ಆರುವಾಗ ಸಂಕುಚಿಸುತ್ತದೆ ಮತ್ತು ತನ್ನ ಅಕ್ಕಪಕ್ಕದ ಲೋಹವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಪ್ಲೇಟಿನ ಕೆಳಮೈಗೆ ಪೈಪುಗಳನ್ನಿಟ್ಟು ಉದ್ದಕ್ಕೂ ಬೆಸೆದರೆ ಕೆಳಮೈ ಕುಗ್ಗುತ್ತದೆ, ಮೇಲ್ಮೈ ಹಾಗೆಯೇ ಉಳಿಯುತ್ತದೆ. ಪರಿಣಾಮವಾಗಿ ಪ್ರತಿಯೊಂದು ಬೆಸುಗೆಯ ಸಾಲಿನ ಮೇಲೆ ಪ್ಲೇಟ್ ಆಮೆಯ ಬೆನ್ನಿನಂತೆ ಉಬ್ಬುತ್ತದೆ. ನನ್ನ ಮೊದಲ ಟೇಬಲನ್ನು ನಾನು ಗಟ್ಟಿಯಾಗಿರಲೆಂದು ಸುತ್ತಲೂ ತುಂಬು ಬೆಸುಗೆ ಹಾಕಿ ಮಾಡಿದ್ದೆ. ಅದು ಈಗ ಗ್ರೈಂಡರ್ ಇಡುವ ಸ್ಟ್ಯಾಂಡಾಗಿ ಸೇವೆ ಸಲ್ಲಿಸುತ್ತಿದೆ.

ಆದ್ದರಿಂದ ಪ್ಲೇಟನ್ನು ಚೌಕಟ್ಟಿಗೆ ಬೆಸೆಯಲೇಬೇಡಿ. ಬೋಲ್ಟುಗಳ ಮೇಲೆ ಕೂರಿಸಿ. 50×50×3 ಮಿ.ಮೀ. ಸ್ಕ್ವೇರ್ ಪೈಪಿನ ಚೌಕಟ್ಟನ್ನು, ಮಧ್ಯದಲ್ಲಿ ಒಂದು ಉದ್ದನೆಯ ಪೈಪ್ ಸಹಿತ, ಪ್ರತ್ಯೇಕವಾಗಿ ಬೆಸೆದು ಮುಗಿಸಿ. ಅದು ಒಂದೆರಡು ಮಿಲಿಮೀಟರ್ ಸೊಟ್ಟಗಾದರೂ ಚಿಂತೆಯಿಲ್ಲ. ಚೌಕಟ್ಟಿನ ಮೂರು ಉದ್ದನೆಯ ಪೈಪುಗಳ ಪಕ್ಕಕ್ಕೆ, ಸಾಲಿಗೆ ನಾಲ್ಕರಂತೆ, ಒಟ್ಟು 12 ಕಡೆ ದಪ್ಪ ಕಬ್ಬಿಣದ ತುಂಡುಗಳನ್ನು ಕಿವಿಗಳಂತೆ ಬೆಸೆಯಬೇಕು. ಪ್ರತಿ ಕಿವಿಯಲ್ಲಿ ಎರಡು ತೂತುಗಳಿರಲಿ. ಒಂದರಲ್ಲಿ ಮರೆ (ಬೋಲ್ಟು ತಿರುಗಿ ಕೂರುವ ಥ್ರೆಡ್) ಕೊಯ್ದು ಎಂ12, ಅಂದರೆ 12 ಮಿ.ಮೀ. ದಪ್ಪದ, ಬೋಲ್ಟನ್ನು ಕೆಳಗಿನಿಂದ ಏರಿಸಿದರೆ ಅದು ಪ್ಲೇಟನ್ನು ಮೇಲಕ್ಕೆ ತಳ್ಳುತ್ತದೆ. ಇನ್ನೊಂದರ ಮೂಲಕ ಹಾದುಹೋಗುವ ಎಂ10 ಬೋಲ್ಟ್, ಪ್ಲೇಟಿನಲ್ಲಿಯೇ ಮರೆ ಕೊಯ್ದ ತೂತಿಗೆ ಕೂತು, ಪ್ಲೇಟನ್ನು ಕೆಳಕ್ಕೆ ಎಳೆಯುತ್ತದೆ. ತಳ್ಳುವ ಮತ್ತು ಎಳೆಯುವ ಈ ಜೋಡಿಯಿಂದ ಪ್ಲೇಟಿನ ಯಾವ ಭಾಗವನ್ನಾದರೂ ಕೂದಲೆಳೆಯಷ್ಟು ಏರಿಸಿ ಇಳಿಸಿ ಅಲ್ಲಿಯೇ ಬಿಗಿಯಬಹುದು, ಮತ್ತು ಮುಂದೆಂದಾದರೂ ಸೊಟ್ಟಗಾದರೆ ಮತ್ತೆ ಸರಿಪಡಿಸಬಹುದು. ಎಂ10 ಬೋಲ್ಟು ಹಾದುಹೋಗುವ ತೂತು 12 ಮಿ.ಮೀ. ಇರಲಿ. ಬಿಸಿಲು ಬೀಳುವ ಶೆಡ್ಡಿನಲ್ಲಿ ಪ್ಲೇಟ್ ಚೌಕಟ್ಟಿಗಿಂತ 20 ಡಿಗ್ರಿ ಹೆಚ್ಚು ಕಾದರೆ 1200 ಮಿ.ಮೀ. ಉದ್ದಕ್ಕೆ ಸುಮಾರು 0.3 ಮಿ.ಮೀ. ಹಿಗ್ಗುತ್ತದೆ, ಆ ಹಿಗ್ಗುವಿಕೆಗೆ ಎಡೆಯಿಲ್ಲದಿದ್ದರೆ ಪ್ಲೇಟ್ ಮೇಲಕ್ಕೆ ಉಬ್ಬುತ್ತದೆ.

ಸಮತಟ್ಟನ್ನು ಪರೀಕ್ಷಿಸಲು ರಸಮಟ್ಟವನ್ನು ನಂಬಬೇಡಿ. ಅದು ಇಳಿಜಾರನ್ನು ಹೇಳುತ್ತದೆಯೇ ಹೊರತು ಉಬ್ಬುತಗ್ಗುಗಳನ್ನಲ್ಲ. ಮೊದಲು ಕರ್ಣಗಳ ಗುಂಟ ಎರಡು ನೂಲುಗಳನ್ನು ಬಿಗಿಯಾಗಿ ಕಟ್ಟಿ, ನಾಲ್ಕೂ ಮೂಲೆಗಳಲ್ಲಿ ನೂಲಿನ ಕೆಳಗೆ ಒಂದೇ ದಪ್ಪದ ತುಂಡುಗಳನ್ನಿಡಿ. ನಡುವೆ ನೂಲುಗಳು ಪರಸ್ಪರ ತಾಗಿಯೂ ತಾಗದಂತಿದ್ದರೆ ಪ್ಲೇಟಿನಲ್ಲಿ ತಿರುಚು ಇಲ್ಲ. ಮೇಲಿನ ನೂಲು ಎತ್ತರದಲ್ಲಿ ನಿಂತರೂ, ಕೆಳಗಿನದನ್ನು ಒತ್ತಿದರೂ ತಿರುಚು ಇದೆಯೆಂದೇ ಅರ್ಥ. ಆನಂತರ ನೇರ ಅಂಚಿನ ಪಟ್ಟಿಯನ್ನು ಅಡ್ಡ, ಉದ್ದ, ಓರೆಯಾಗಿ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿಸಿ ನೋಡಿ. ಗಾರೆಯವರು ಬಳಸುವ ಅಲ್ಯೂಮಿನಿಯಂ ಪಟ್ಟಿಯಾದರೆ ಅದರ ಅಂಚಿಗೇ ಮೊದಲು ಪರೀಕ್ಷೆಯಾಗಬೇಕು: ಅಂಚಿನ ಗುಂಟ ಒಂದು ಗೆರೆ ಎಳೆದು, ಪಟ್ಟಿಯನ್ನು ಮಗುಚಿ ಅದೇ ಎರಡು ಬಿಂದುಗಳ ನಡುವೆ ಅದೇ ಅಂಚಿನಿಂದ ಮತ್ತೊಂದು ಗೆರೆ ಎಳೆದಾಗ ಎರಡೂ ಒಂದಾಗಬೇಕು. ನೀವು ಹೇಳಿರುವ ಕೆಲಸಗಳಿಗೆ ಮೀಟರಿಗೆ ಅರ್ಧ ಮಿಲಿಮೀಟರ್ ವ್ಯತ್ಯಾಸ ಧಾರಾಳವಾಗಿ ನಡೆಯುತ್ತದೆ.

ತೂತುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಕೈ ಡ್ರಿಲ್ಲಿನಿಂದ ಕೊರೆಯುವುದಾದರೆ ಫಿಕ್ಸ್ಚರ್ ಟೇಬಲ್ಲಿನ ಆಸೆಯನ್ನೇ ಬಿಡುವುದು ಒಳ್ಳೆಯದು. ಅಂಥ ಟೇಬಲ್ಲಿನ ಬೆಲೆಯಿರುವುದು, ಯಾವ ಎರಡು ತೂತುಗಳಿಗೆ ಪಿನ್ನು ಹಾಕಿದರೂ ಮೂಲೆಮಟ್ಟವಿಲ್ಲದೆಯೇ ನೇರ ಗೆರೆ ಸಿಗುತ್ತದೆ ಎಂಬುದರಲ್ಲಿ. 200 ಮಿ.ಮೀ. ದೂರದ ಎರಡು ಪಿನ್ನುಗಳಲ್ಲಿ ಒಂದು ಅರ್ಧ ಮಿಲಿಮೀಟರ್ ಸರಿದಿದ್ದರೆ, ಅವುಗಳಿಗೆ ಆನಿಸಿದ ಒಂದು ಮೀಟರ್ ಉದ್ದದ ಪೈಪಿನ ತುದಿ 2.5 ಮಿ.ಮೀ. ಓರೆಯಾಗುತ್ತದೆ, ಕೈಯಲ್ಲಿ ಕೊರೆದಾಗ ಅಷ್ಟು ಸರಿಯದೆ ಇರುವುದು ಬಹಳ ಕಷ್ಟ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿರುವ ಲೇಸರ್ ಕಟಿಂಗ್ ಅಂಗಡಿಗೆ ನಕ್ಷೆ ಕೊಟ್ಟರೆ ಪ್ಲೇಟ್, 16 ಮಿ.ಮೀ. ತೂತುಗಳು, ಎಂ10 ಮರೆಗೆ ಬೇಕಾದ 8.5 ಮಿ.ಮೀ. ತೂತುಗಳು ಎಲ್ಲವೂ ಒಂದೇ ಬಾರಿಗೆ ಬರುತ್ತವೆ. ಅಂಚಿನಿಂದ 50 ಮಿ.ಮೀ. ಬಿಟ್ಟು 100 ಮಿ.ಮೀ. ಅಂತರದಲ್ಲಿ ಹಾಕಿದರೆ 96 ತೂತುಗಳು ಸಾಕು; 50 ಮಿ.ಮೀ. ಅಂತರಕ್ಕೆ ಹೋದರೆ ಸಂಖ್ಯೆ 345 ಆಗುತ್ತದೆ, ಕಟಿಂಗ್ ವೆಚ್ಚವೂ ಅದರಂತೆ ಏರುತ್ತದೆ. ಲೇಸರಿನ ಬದಲು ಪ್ಲಾಸ್ಮಾ ಯಂತ್ರದಲ್ಲಿ ಕತ್ತರಿಸಿದ ತೂತು ಮೇಲಿನಿಂದ ಕೆಳಕ್ಕೆ ಓರೆಯಾಗುವುದರಿಂದ ಪಿನ್ನು ಅಲುಗಾಡುತ್ತದೆ. ಪೂರ್ತಿ ಪ್ಲೇಟ್ ಕತ್ತರಿಸುವ ಮೊದಲು ಅದೇ ದಪ್ಪದ ತುಂಡಿನಲ್ಲಿ ಒಂದೇ ಒಂದು ತೂತು ಹಾಕಿಸಿ, ಪಿನ್ನಿಗೆಂದು ತಂದ 16 ಮಿ.ಮೀ. ಬ್ರೈಟ್ ಬಾರ್ (ನುಣುಪಾದ, ನಿಖರ ಅಳತೆಯ ಉಕ್ಕಿನ ಸರಳು) ಅದರಲ್ಲಿ ಸಲೀಸಾಗಿ ಇಳಿದು ಅಲುಗದೆ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಿ.

ಲೇಸರ್ ವೆಚ್ಚ ಕೈಗೆಟುಕದಿದ್ದರೆ 100×12 ಮಿ.ಮೀ. ಫ್ಲಾಟುಗಳನ್ನು (ಚಪ್ಪಟೆ ಕಬ್ಬಿಣದ ಪಟ್ಟಿಗಳನ್ನು) ನಡುವೆ 30 ಮಿ.ಮೀ. ಸಂದು ಬಿಟ್ಟು ಜೋಡಿಸಿ. ಸಂದಿನ ಎಲ್ಲಿಯಾದರೂ ಕ್ಲಾಂಪ್ ಇಳಿಯುತ್ತದೆ, ಒಂದು ಫ್ಲಾಟ್ ಹಾಳಾದರೆ ಅದೊಂದನ್ನೇ ಬದಲಿಸಬಹುದು. ನಿಜ ಹೇಳಬೇಕೆಂದರೆ, ರಾಡ್ ವೆಲ್ಡಿಂಗಿನಲ್ಲಿ ಗೇಟು, ಗ್ರಿಲ್ ಮಾಡುವವರ ಮೊದಲ ಟೇಬಲ್ಲಿಗೆ ನಾನು ಇದನ್ನೇ ಹೇಳುತ್ತೇನೆ.

ಕಾಲುಗಳ ಎತ್ತರ, ಮೇಲ್ಮೈ ಸೇರಿ, 850ರಿಂದ 900 ಮಿ.ಮೀ. ಇರಲಿ, ಪ್ರತಿ ಕಾಲಿಗೂ ಎತ್ತರ ಹೊಂದಿಸುವ ಬೋಲ್ಟ್ ಬೇಕು. ಚೌಕಟ್ಟಿಗೆ ಜಿ.ಐ. ಪೈಪ್ ಬಳಸಬೇಡಿ, ಅದರ ಸತುವಿನ ಲೇಪ ಉರಿದಾಗ ಬರುವ ಹೊಗೆ ಜ್ವರ ತರಿಸುತ್ತದೆ. ಪ್ಲೇಟ್ ಬೋಲ್ಟುಗಳ ಮೇಲೆ ಕೂತಿರುವುದರಿಂದ ಅರ್ಥ್ ಕ್ಲಾಂಪನ್ನು ಚೌಕಟ್ಟಿಗೆ ಕಚ್ಚಿಸದೆ, ಪ್ಲೇಟಿನಲ್ಲೇ ಮರೆ ಕೊಯ್ದು ಕೂರಿಸಿದ ಒಂದು ಬೋಲ್ಟಿಗೆ ಕಚ್ಚಿಸಬೇಕು; ಇಲ್ಲವಾದರೆ ಕರೆಂಟು ಹೊಂದಿಸುವ ಬೋಲ್ಟುಗಳ ಮೂಲಕ ಹರಿದು ಮರೆಗಳನ್ನು ಸುಡುತ್ತದೆ. ಮೇಲ್ಮೈಗೆ ಬಣ್ಣ ಹಚ್ಚಬೇಡಿ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಇದ್ದರೆ ಮಳೆಗಾಲ ಹಿಡಿಯುವ ಮೊದಲು ತೆಳುವಾಗಿ ಎಣ್ಣೆ ಸವರಿಡಿ, ಮತ್ತು ಕೆಲಸಕ್ಕೆ ಕೂರುವ ಮುನ್ನ ಬೆಸುಗೆ ಬೀಳುವ ಜಾಗದ ಎಣ್ಣೆಯನ್ನು ಬಟ್ಟೆಯಿಂದ ತೆಗೆಯಲು ಮರೆಯಬೇಡಿ.