ಓಟೋಟಾಕ್ಸಿಕ್: ಹಾರ್ನ್‌ಗೆ ಈ ಪದ ಬೇಡ

ಬೆಂಗಳೂರಿನ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಹಾರ್ನ್ ಗಲಾಟೆಯನ್ನು 'ಓಟೋಟಾಕ್ಸಿಕ್' ಎಂದು ಬರೆಯುವುದು ಈಗ ರೂಢಿಯೇ ಆಗಿಬಿಟ್ಟಿದೆ. ಸದ್ದಿನಿಂದ ಕಿವಿ ಕೆಡುತ್ತದೆ, ನಿಜ. ಆದರೆ ಸದ್ದು ಪೆಟ್ಟು, ವಿಷವಲ್ಲ. ಮೈಸೇರಿ, ಹೆಚ್ಚಾಗಿ ರಕ್ತದ ಮೂಲಕ ಒಳಗಿವಿ ತಲುಪಿ, ಕೇಳುವ ಇಲ್ಲವೇ ಸಮತೋಲ ಕಾಯುವ ಭಾಗವನ್ನು ಕೆಡಿಸುವ ಔಷಧ, ರಾಸಾಯನಿಕಗಳಿಗೆ ಮಾತ್ರ ಈ ಪದ. ಗುಗ್ಗೆ ಕಟ್ಟಿದ್ದು, ಡ್ರಾಪ್ಸ್ ಹಾಕಿದಾಗ ಉರಿದದ್ದು ಯಾವುದೂ ಇದಲ್ಲ.

'ಓಟೋ' ಎಂದರೆ ಗ್ರೀಕಿನಲ್ಲಿ ಕಿವಿ, ಅದರಲ್ಲೇನೂ ವಿಶೇಷವಿಲ್ಲ. ಸ್ವಾರಸ್ಯವೆಲ್ಲ 'ಟಾಕ್ಸಿಕ್'ನಲ್ಲಿದೆ. 'ತೋಕ್ಸೋನ್' ಎಂದರೆ ಬಿಲ್ಲು. ಬಾಣದ ಮೊನೆಗೆ ಬಳಿಯುವ ವಿಷ 'ತೋಕ್ಸಿಕೋನ್ ಫಾರ್ಮಕೋನ್', ಅಂದರೆ ಬಿಲ್ಲಿನ ಮದ್ದು. ಬಳಸುತ್ತಾ ಬಳಸುತ್ತಾ ಮದ್ದು ಉದುರಿಹೋಗಿ, ಬಿಲ್ಲಿಗೇ ವಿಷದ ಅರ್ಥ ಅಂಟಿಕೊಂಡಿತು. ಉದುರಿದ 'ಫಾರ್ಮಕೋನ್'ಗೆ ಔಷಧ, ವಿಷ ಎರಡೂ ಅರ್ಥ. ನಮ್ಮಲ್ಲೂ ಅಜ್ಜಿ ಅರೆದು ಕುಡಿಸುವುದು ಮದ್ದೇ, 'ಅವರ ಮನೇಲಿ ಮದ್ದು ಹಾಕಿದ್ರು' ಎಂದು ಪಿಸುಗುಡುವುದೂ ಮದ್ದೇ. ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್‌ನ ಕಥೆಯೂ ಹಾಗೇ, ಒಳಗಿವಿಗೆ ಅದು ವಿಷ, ಆ ವಿಷವೇ ಮದ್ದೂ ಹೌದು: ಒಳಗಿವಿಯ ಮೆನಿಯೇರ್ ಕಾಯಿಲೆಯಲ್ಲಿ ತಲೆಸುತ್ತು ನಿಲ್ಲಿಸಲು ಅದನ್ನು ಬೇಕೆಂದೇ ಕಿವಿತಮಟೆಯ ಮೂಲಕ ಚುಚ್ಚಿ, ಆ ಕಡೆಯ ಸಮತೋಲದ ಕೋಶಗಳನ್ನು ಸುಮ್ಮನಾಗಿಸುತ್ತಾರೆ.

ಇನ್ನೊಂದು ಗೊಂದಲ 'ರೋಮಕೋಶ'ದ್ದು. ಅದು ಕಿವಿಯ ತೂತಿನಲ್ಲಿ ಬೆಳೆಯುವ ಕೂದಲಲ್ಲ, ದಯವಿಟ್ಟು. ಒಳಗಿವಿಯಲ್ಲಿ ಸದ್ದನ್ನೂ ಸಮತೋಲವನ್ನೂ ಗ್ರಹಿಸುವ, ನೆತ್ತಿಯಲ್ಲಿ ಕೂದಲಿನಂಥ ಎಳೆಗಳಿರುವ ಕೋಶ ಅದು. ಒಂದೊಂದು ಕಾಕ್ಲಿಯದಲ್ಲಿ (ಒಳಗಿವಿಯ ಕೇಳುವ ಸುರುಳಿ) ಒಳಸಾಲಿನಲ್ಲಿ ಸುಮಾರು 3,500, ಹೊರಗಿನ ಮೂರು ಸಾಲುಗಳಲ್ಲಿ ಸುಮಾರು 12,000 ರೋಮಕೋಶಗಳಿರುತ್ತವೆ. ಸದ್ದಿಗೆ ಅವುಗಳ ನೆತ್ತಿಯ ಎಳೆಗಳು ಬಾಗಿದಾಗ ಸಣ್ಣ ಬಾಗಿಲು ತೆರೆಯುತ್ತದೆ. ಜೆಂಟಾಮೈಸಿನ್, ಅದೇ ಜಾತಿಯ ಅಮಿಕಾಸಿನ್ ನುಗ್ಗುವುದೂ ಅಲ್ಲಿಂದಲೇ. ಒಳಹೊಕ್ಕದ್ದು ಸುಲಭಕ್ಕೆ ಹೊರಬಾರದೆ ಕೋಶವನ್ನು ಕೊಲ್ಲುತ್ತದೆ. ಕೋಳಿಗೆ ರೋಮಕೋಶ ಮತ್ತೆ ಹುಟ್ಟುತ್ತದೆ. ನಮಗೆ ಕಾಕ್ಲಿಯದಲ್ಲಿ ಸತ್ತದ್ದು ಸತ್ತಂತೆಯೇ.

ಮೊದಲು ಸಾಯುವುದು ಕೀರಲು ಸದ್ದು ಹಿಡಿಯುವ, ಕಾಕ್ಲಿಯದ ಬುಡದ ಕೋಶಗಳು. ಹಾಗಾಗಿ 'ಮಾತು ಕೇಳಿಸ್ತಿದೆಯಲ್ಲ' ಎನ್ನುವುದು ಪರೀಕ್ಷೆಯಲ್ಲ. ಕೇಳುವ ಶಕ್ತಿ ಅಳೆಯುವ ಮಾಮೂಲಿ ಆಡಿಯೋಗ್ರಾಂ 8 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. ಹಾನಿ ಅದರಾಚೆ ಶುರುವಾಗಿರುತ್ತದೆ. ಔಷಧ ಶುರುಮಾಡುವ ಮುಂಚೆಯೇ 16 ಕಿಲೋಹರ್ಟ್ಸ್‌ವರೆಗೆ ಅಳೆದಿಟ್ಟುಕೊಂಡರೆ ಆಮೇಲೆ ಹೋಲಿಸಬಹುದು. ಕೇಳುವ ಶಕ್ತಿ ಒಂದೇ ಆವರ್ತನದಲ್ಲಿ 20 ಡೆಸಿಬೆಲ್, ಅಥವಾ ಅಕ್ಕಪಕ್ಕದ ಎರಡರಲ್ಲಿ 10 ಇಳಿದಿದ್ದು ಮರುಪರೀಕ್ಷೆಯಲ್ಲೂ ಹಾಗೇ ಬಂದರೆ ಅದು ಎಚ್ಚರಿಕೆ.

ಇದೇ ಜಾತಿಯ ಸ್ಟ್ರೆಪ್ಟೋಮೈಸಿನ್ ಹಾಗೂ ಜೆಂಟಾಮೈಸಿನ್ ಹೆಚ್ಚಾಗಿ ಕೆಡಿಸುವುದು ಸಮತೋಲವನ್ನು. ಎರಡೂ ಕಡೆ ಸಮನಾಗಿ ಕೆಟ್ಟರೆ ತಲೆ ಗಿರ್ರೆನ್ನುವುದಿಲ್ಲ. ನಡೆಯುವಾಗ ಎದುರಿನ ಬಿಎಂಟಿಸಿ ಬಸ್ಸಿನ ನಂಬರ್ ಕುಣಿಯುತ್ತದೆ, ನಿಂತರೆ ಓದಬಹುದು. ಕರೆಂಟ್ ಹೋದರೆ ಹೆಜ್ಜೆ ತಪ್ಪುತ್ತದೆ. ಇದನ್ನೇ ಮನೆಯವರು 'ಸುಸ್ತು' ಅಂದುಬಿಡುತ್ತಾರೆ.

ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಹೆಚ್ಚಿನ ಡೋಸ್ ಆಸ್ಪಿರಿನ್‌ನಿಂದ ಬಂದ ಗುಂಯ್ ಸದ್ದು ಸಾಮಾನ್ಯವಾಗಿ ಮಾತ್ರೆ ನಿಂತ ಮೇಲೆ ಹೋಗುತ್ತದೆ. ಮೂತ್ರ ಹೆಚ್ಚಿಸಲು ಕೊಡುವ ಫ್ಯೂರೋಸೆಮೈಡ್ ಮುಖ್ಯವಾಗಿ ಕೆಡಿಸುವುದು ಒಳಗಿವಿಯ ದ್ರವದ ಅಯಾನು ಕಾಯುವ ಪದರವನ್ನು. ಬಹುಪಾಲು ಸರಿಹೋಗುತ್ತದೆ, ಆದರೆ ಜೆಂಟಾಮೈಸಿನ್ ಜೊತೆ ಸೇರಿದರೆ ಅಪಾಯ ಹೆಚ್ಚು. ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್ ಕಾಕ್ಲಿಯದಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ.

ಸದ್ದೂ ವಿಷವೂ ಒಟ್ಟಿಗೇ ಬೇಕಿದ್ದರೆ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಪೇಂಟ್ ಬೂತ್‌ಗಳಿವೆ. ಥಿನ್ನರ್‌ನ ಟಾಲ್ಯೂಯೀನ್ ಉಸಿರಿನಲ್ಲಿ ಹೋಗುತ್ತದೆ, ಕಂಪ್ರೆಸರ್ ಸದ್ದಿನ ಜೊತೆ ಹಾನಿ ಇನ್ನಷ್ಟು ಏರುತ್ತದೆ. ಇಯರ್‌ಪ್ಲಗ್ ತಡೆಯುವುದು ಕಂಪ್ರೆಸರನ್ನು ಮಾತ್ರ. ಬಟ್ಟೆ ಮಾಸ್ಕ್ ಆವಿಯನ್ನು ತಡೆಯದು. ಅದಕ್ಕೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಆಗಬೇಕು, ಕಾರ್ಟ್ರಿಡ್ಜನ್ನು ಕಾಲಕಾಲಕ್ಕೆ ಬದಲಿಸಲೂ ಬೇಕು.