ಕೂವೆಗಂಬದಿಂದ ಹಕ್ಕಿ ಎಬ್ಬಿಸುವ ವಿಜ್ಞಾನ

ಕಾರವಾರದ ಬೈತಖೋಲ್ ಬಂದರಿನಲ್ಲಿ ಮೀನು ಇಳಿಸುವ ಹೊತ್ತಿಗೆ ಹೋಗಿ ತಲೆ ಎತ್ತಿ ನೋಡಿ. ಟ್ರಾಲರ್ ಕಂಬ, ದೀಪದ ಕಂಬ, ಮಾಡಿನ ಅಂಚು, ಎಲ್ಲ ಕಡೆ ಯಾರಾದರೂ ಕೂತೇ ಇರುತ್ತಾರೆ. ಕಾಗೆ, ಹದ್ದು, ಗರುಡ, ಬೆಳ್ಳಕ್ಕಿ. ಚಳಿಗಾಲವಾದರೆ ಉತ್ತರದಿಂದ ವಲಸೆ ಬಂದ ಗಲ್ ಹಕ್ಕಿಗಳೂ ಸೇರಿಕೊಳ್ಳುತ್ತವೆ. ಮೀನುಗಾರರಿಗೆ ಇದೊಂದು ಸಮಸ್ಯೆಯೇ ಅಲ್ಲ. ಹಿಕ್ಕೆ ಬಿದ್ದರೆ ಒಂದು ಬಕೆಟ್ ನೀರು ಹೊಡೆದರಾಯಿತು. ಅಲ್ಲದೆ ತಾರ್ಲೆ, ಬಂಗಡೆ ಹಿಂಡು ಎಲ್ಲಿದೆ ಅಂತ ದೂರದಿಂದಲೇ ತೋರಿಸಿಕೊಡುವವೂ ಹಕ್ಕಿಗಳೇ. ರೀವ ಅನ್ನುವ ಕಡಲ ಹಕ್ಕಿಗಳು ಒಂದೇ ಜಾಗಕ್ಕೆ ಮುಗಿಬಿದ್ದು ಧುಮುಕುತ್ತಿದ್ದರೆ ಕೆಳಗೆ ಮೀನಿದೆ ಅಂತಲೇ ಲೆಕ್ಕ.

ತಲೆನೋವು ಹಾಯಿದೋಣಿಯವರದ್ದು. ಅವರ ಕೂವೆಗಂಬದ, ಅಂದರೆ ಹಾಯಿ ಕಟ್ಟುವ ಎತ್ತರದ ಕಂಬದ, ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣ, ವೇಗ ಅಳೆಯುವ ಬಟ್ಟಲುಗಳು, ವಿಎಚ್‌ಎಫ್ ರೇಡಿಯೋದ ಆಂಟೆನಾ, ರಾತ್ರಿ ದೀಪ ಎಲ್ಲ ಒತ್ತೊತ್ತಾಗಿ ಇರುತ್ತವೆ. ಒಂದು ಹದ್ದು ಬಂದು ಕೂತರೆ ಆ ಬಾಣ ಬಗ್ಗಿಹೋಗಬಹುದು. ಕೆಳಗೆ ಮಡಚಿಟ್ಟ ಬಿಳಿ ಹಾಯಿ, ಸೋಲಾರ್ ಪ್ಯಾನೆಲ್. ಮೇಲಿನಿಂದ ಬಿದ್ದದ್ದೆಲ್ಲ ನೇರ ಅಲ್ಲಿಗೇ.

ಹಕ್ಕಿಗೆ ಆ ಕಂಬವೇ ಯಾಕೆ ಬೇಕು? ನಾಲ್ಕೂ ಕಡೆ ಕಾಣುತ್ತದೆ. ಬೆಕ್ಕು, ನಾಯಿ, ಹಾವಿನ ಕಾಟ ಇಲ್ಲ. ಇನ್ನೊಂದು ಕಾರಣ ಶುದ್ಧ ಭೌತವಿಜ್ಞಾನದ್ದು. ಸಮತಟ್ಟು ನೆಲದಿಂದ ಮೇಲೇಳುವಾಗ ರೆಕ್ಕೆಗೆ ತುಂಬಾ ಕೆಲಸ. ಎತ್ತರದಲ್ಲಿ ಕೂತಿದ್ದರೆ ಸುಮ್ನೆ ಮುಂದಕ್ಕೆ ಬಾಗಿ ಬಿದ್ದರೆ ಸಾಕು, ಬೀಳುತ್ತ ಸಿಗುವ ವೇಗವೇ ಹಾರಾಟಕ್ಕೆ ಬಂಡವಾಳ. ನೀರುಕಾಗೆಗೆ ಮತ್ತೊಂದು ಗರಜು ಇದೆ. ಅದರ ಗರಿಗಳ ಹೊರಭಾಗ ನೀರು ಹೀರುತ್ತದೆ. ಮುಳುಗಿ ಮೀನು ಹಿಡಿಯಲು ಅದರಿಂದ ಅನುಕೂಲ, ಮೇಲೆ ಬಂದ ಮೇಲೆ ಮಾತ್ರ ರೆಕ್ಕೆ ಬಿಚ್ಚಿ ಒಣಗಿಸಲೇಬೇಕು. ಕಾಳಿ ನದಿ ಕಡಲು ಸೇರುವಲ್ಲಿ ನೀರೊಳಗೆ ನೆಟ್ಟ ಗೂಟಗಳ ಮೇಲೆ ಅವು ಹೀಗೆ ರೆಕ್ಕೆ ಹರಡಿ ನಿಂತಿರುವುದನ್ನು ನೀವು ನೋಡಿರುತ್ತೀರಿ. ಹಾಯಿದೋಣಿ ಬಂದರೆ ಅವಕ್ಕೆ ಇನ್ನೂ ಎತ್ತರದ ಗೂಟ ಸಿಕ್ಕಂತಾಯಿತು.

ದೋಣಿ ಅಲುಗಾಡಿದರೆ ಹಕ್ಕಿ ತಾನೇ ಎದ್ದು ಹೋಗುತ್ತೆ ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಕಂಬ 12 ಮೀಟರ್ ಎತ್ತರ ಇದ್ದು, ದೋಣಿ ಬರೀ 5 ಡಿಗ್ರಿ ವಾಲಿದರೂ ತುದಿ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಇನ್ನೊಂದು ಪಕ್ಕಕ್ಕೆ ಅಷ್ಟೇ. ಡೆಕ್ ಮೇಲೆ ನಿಂತವರಿಗೆ ಗೊತ್ತೂ ಆಗದ ತೂಗಾಟ ಅದು. ಮೇಲೆ ಕೂತ ಕಾಗೆಗೆ ಅದು ಗೊತ್ತಾಗುತ್ತದೆ, ಆದರೆ ತೊಂದರೆ ಆಗುವುದಿಲ್ಲ. ದೇವಬಾಗದ ಗಾಳಿಮರದ ರೆಂಬೆ ಇದಕ್ಕಿಂತ ಏನು ಕಡಿಮೆ ಆಡುತ್ತದೆಯೇ?

ಹಕ್ಕಿ ಮಂಡಿಯೂರಿದಂತೆ ಕುಸಿದು ಕೂತರೆ ಕಾಲಿನ ಹಿಂದಿನ ಸ್ನಾಯುರಜ್ಜು ಎಳೆದುಕೊಂಡು ಬೆರಳು ತಾನಾಗಿಯೇ ಬಿಗಿಯುತ್ತದೆ, ಅದಕ್ಕೇ ನಿದ್ದೆಯಲ್ಲೂ ಬೀಳುವುದಿಲ್ಲ ಅಂತ ಪುಸ್ತಕಗಳು ಬಹಳ ಕಾಲ ಹೇಳಿಕೊಂಡು ಬಂದಿವೆ. 2012ರಲ್ಲಿ ಪ್ರಕಟವಾದ, ಸ್ಟಾರ್ಲಿಂಗ್ ಹಕ್ಕಿಗಳ ಮೇಲಿನ ಒಂದು ಪ್ರಯೋಗ ಈ ವಿವರಣೆಯನ್ನು ಪ್ರಶ್ನಿಸಿತು. ನಿದ್ದೆ ಮಾಡುವಾಗ ಅವು ಬೆರಳು ಬಿಗಿಯದೆ, ಪಾದದ ಮೇಲೆ ಸಮತೋಲನ ಮಾಡಿಕೊಂಡೇ ಕೂರುತ್ತಿದ್ದವು. ನಮಗೆ ಇದು ಮುಖ್ಯ. ಹಕ್ಕಿಗೆ ಬೇಕಾದದ್ದು ಗಟ್ಟಿ ಹಿಡಿತಕ್ಕಿಂತ ಹೆಚ್ಚಾಗಿ, ಮೈ ನೆಟ್ಟಗೆ ನಿಲ್ಲಿಸಲು ಅಡ್ಡಿಯಿಲ್ಲದ ಜಾಗ. ಆ ಜಾಗ ಕೆಡಿಸುವುದು ಹಕ್ಕಿಯನ್ನು ಹೆದರಿಸುವುದಕ್ಕಿಂತ ಸುಲಭ.

ಅದಕ್ಕೂ ಮೊದಲು ಹಿಕ್ಕೆಯ ಬಗ್ಗೆ ಸ್ವಲ್ಪ. ನಾವು ದೇಹದ ಸಾರಜನಕದ ಕಸವನ್ನು ಯೂರಿಯಾ ಮಾಡಿ ನೀರಲ್ಲಿ ಕರಗಿಸಿ ಹೊರಹಾಕುತ್ತೇವೆ. ಹಕ್ಕಿಗಳು ಅದನ್ನು ಯೂರಿಕ್ ಆಮ್ಲ ಮತ್ತು ಅದರ ಲವಣಗಳ ಬಿಳಿ ಪೇಸ್ಟ್ ಮಾಡಿ ಹೊರಹಾಕುತ್ತವೆ. ಒಂದು ಲೀಟರ್ ನೀರಿನಲ್ಲಿ ಒಂದು ಕಿಲೋಗಿಂತ ಜಾಸ್ತಿ ಯೂರಿಯಾ ಕರಗುತ್ತದೆ. ಯೂರಿಕ್ ಆಮ್ಲ ಕರಗುವುದು ಸುಮಾರು 60 ಮಿಲಿಗ್ರಾಂ ಅಷ್ಟೇ. ಮೊಟ್ಟೆಯ ಚಿಪ್ಪಿನೊಳಗೆ ಬೆಳೆಯುವ ಮರಿಗೆ ಇದು ವರ. ಕಸ ಕರಗಿ ಸುತ್ತಲೂ ವಿಷವಾಗದೆ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ದೋಣಿಯವರಿಗೆ ಮಾತ್ರ ಇದೇ ಶಾಪ, ಒಣಗಿದ ಕಲೆ ಬರೀ ನೀರಿಗೆ ಜಗ್ಗುವುದಿಲ್ಲ. ಯೂರಿಕ್ ಆಮ್ಲ ಕ್ಷಾರದಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಸೋಪು ನೀರಲ್ಲಿ ನೆನೆಸಿದ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಡಿ. ವಾಷಿಂಗ್ ಸೋಡಾ ಇನ್ನೂ ಜೋರಾಗಿ ಕೆಲಸ ಮಾಡುತ್ತೆ ನಿಜ, ಆದರೆ ಅದು ಅಲ್ಯೂಮಿನಿಯಂ ಕಂಬವನ್ನೇ ತಿನ್ನಲು ಶುರು ಮಾಡುತ್ತದೆ. ಒಣಗಿದ್ದನ್ನು ಕೆರೆಯಬೇಡಿ. ಹಾಯಿ ಗೀರುತ್ತದೆ, ಪುಡಿಯಲ್ಲಿರುವ ಶಿಲೀಂಧ್ರದ ಬೀಜಕಣ ಮೂಗಿಗೆ ಹೋಗುತ್ತದೆ.

ಸೋಲಾರ್ ಪ್ಯಾನೆಲ್ ಮೇಲೆ ಬಿದ್ದರೆ ನಷ್ಟ ಕಣ್ಣಿಗೆ ಕಾಣುವುದಕ್ಕಿಂತ ಜಾಸ್ತಿ. ಸಾಮಾನ್ಯ 12 ವೋಲ್ಟ್ ಪ್ಯಾನೆಲ್‌ನಲ್ಲಿ 36 ಸೆಲ್‌ಗಳು ಒಂದರ ಹಿಂದೆ ಒಂದು ಜೋಡಣೆಯಾಗಿರುತ್ತವೆ. ಎಲ್ಲದರ ಮೂಲಕ ಹರಿಯಬೇಕಾದದ್ದು ಒಂದೇ ಕರೆಂಟ್. ಒಂದು ಸೆಲ್ ಹಿಕ್ಕೆಯಡಿ ಮುಚ್ಚಿಹೋದರೆ ಉಳಿದವು ಮಾಡಿದ ವಿದ್ಯುತ್ತೂ ಅಲ್ಲಿ ತಡೆಯುತ್ತದೆ, ಆ ಸೆಲ್ ಬಿಸಿಯೇರಿ ಸುಟ್ಟುಹೋಗಲೂಬಹುದು. ಕರೆಂಟ್‌ಗೆ ಬಳಸುದಾರಿ ಕೊಡುವ ಬೈಪಾಸ್ ಡಯೋಡ್ ಇದ್ದರೆ ಸೆಲ್ ಬಚಾವ್, ಆದರೂ ಪ್ಯಾನೆಲ್‌ನ ಒಂದು ಭಾಗದ ಉತ್ಪಾದನೆ ಹೋದಂತೆಯೇ.

ಈಗ ಉಪಾಯಗಳು. ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಹೆದರಿಸುವ ಸಾಮಾನು: ಪ್ಲಾಸ್ಟಿಕ್ ಗೂಬೆ, ಮಿರುಗುವ ಟೇಪು, ಗಾಳಿಗೆ ತಿರುಗುವ ಚಕ್ರ. ಗದ್ದೆಯ ಬೆರ್ಚಪ್ಪನ ಗತಿಯೇ ಇವಕ್ಕೂ. ಮೊದಲ ದಿನ ಹಕ್ಕಿ ದೂರ, ವಾರದೊಳಗೆ ಗೂಬೆಯ ತಲೆ ಮೇಲೆಯೇ ಕಾಗೆ. ಹಾನಿ ಮಾಡದ ಪ್ರಚೋದನೆ ಮತ್ತೆ ಮತ್ತೆ ಬಂದರೆ ನರಮಂಡಲ ಅದಕ್ಕೆ ಸ್ಪಂದಿಸುವುದನ್ನು ಕಡಿಮೆ ಮಾಡುತ್ತದೆ. ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಇದನ್ನು ನರಕೋಶದ ಮಟ್ಟದಲ್ಲಿ ತೋರಿಸಿದ್ದು ಅಪ್ಲಿಸಿಯಾ ಎಂಬ ಕಡಲ ಬಸವನಹುಳುವಿನಲ್ಲಿ. ಮುಟ್ಟಿದರೆ ಕಿವಿರು ಒಳಗೆಳೆದುಕೊಳ್ಳುವ ಆ ಜೀವಿ, ಮೆಲ್ಲಗೆ ಮುಟ್ಟುತ್ತಲೇ ಇದ್ದರೆ ಎಳೆದುಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಇಂಥ ಸಂಶೋಧನೆಗೆ 2000ದಲ್ಲಿ ನೊಬೆಲ್ ಬಂತು. ಬಸವನಹುಳುವಿಗೇ ಅಷ್ಟು ಬುದ್ಧಿ ಇದ್ದಮೇಲೆ ಕಾಗೆಗೆ ಇರಲ್ವಾ! ಗೂಬೆ ಬೇಕೇ ಬೇಕು ಅಂದರೆ ಎರಡು ದಿನಕ್ಕೊಮ್ಮೆ ಜಾಗ ಬದಲಿಸುತ್ತಿರಿ, ನಡುನಡುವೆ ತೆಗೆದು ಒಳಗಿಡಿ. ಆಗ ಅದರ ಆಯಸ್ಸು ಸ್ವಲ್ಪ ಹೆಚ್ಚುತ್ತದೆ.

ಅಲ್ಟ್ರಾಸಾನಿಕ್ ಯಂತ್ರಕ್ಕೆ ಮಾತ್ರ ದುಡ್ಡು ಸುರಿಯಬೇಡಿ. ಅಲ್ಟ್ರಾಸಾನಿಕ್ ಅಂದರೆ 20,000 ಹರ್ಟ್ಸ್‌ಗಿಂತ ಮೇಲಿನ ಸದ್ದು. ಹೆಚ್ಚಿನ ಹಕ್ಕಿಗಳ ಕಿವಿ 10,000ದ ಆಸುಪಾಸಿಗೇ ನಿಂತುಬಿಡುತ್ತದೆ. ನಮಗೇ ಕೇಳಿಸದ ಈ ಸದ್ದು ಹಕ್ಕಿಗೂ ಕೇಳಿಸುವುದಿಲ್ಲ, ಅಷ್ಟೇ.

ಕೂರುವ ಜಾಗ ಕೆಡಿಸುವುದಕ್ಕೆ ಬೇಕಾಗುವುದು ತುಂಬಾ ಅಗ್ಗದ ಸಾಮಾನು. ಕಂಬದ ಎರಡೂ ಬದಿಗೆ ಚಾಚಿದ ಸ್ಪ್ರೆಡರ್ ಅನ್ನುವ ಅಡ್ಡತೋಳುಗಳ ಮೇಲೆ ನಾಲ್ಕು ಬೆರಳಿನಷ್ಟು ಎತ್ತರದಲ್ಲಿ ಒಂದು ದಾರವನ್ನು ಬಿಗಿಯಾಗಿ ಕಟ್ಟಿ. ಆಮೇಲೆ ಬೈನಾಕ್ಯುಲರ್‌ನಲ್ಲಿ ಕಾಗೆಯನ್ನು ನೋಡಿ. ಕಾಲು ಮುಂದೆ ಚಾಚಿ, ಬಾಲ ಬೀಸಣಿಗೆ ಮಾಡಿ ಇಳಿಯುತ್ತದೆ. ಬೆರಳು ತೋಳಿಗೆ ತಾಗುವ ಹೊತ್ತಿಗೆ ದಾರ ಎದೆಗೆ ಬಡಿಯುತ್ತದೆ. ಹಿಂದಕ್ಕೆ ವಾಲುತ್ತದೆ, ಪಟಪಟ ರೆಕ್ಕೆ ಬಡಿದು ಮತ್ತೆ ಎದ್ದು, ಒಂದು ಸುತ್ತು ಹಾಕಿ ಇನ್ನೊಂದು ಬದಿಯಿಂದ ಪ್ರಯತ್ನಿಸುತ್ತದೆ. ಅಲ್ಲೂ ದಾರ. ಇಲ್ಲಿ ಹೆದರಿಕೆ ಅನ್ನುವುದೇ ಇಲ್ಲ, ಹಾಗಾಗಿ ಅದು ಮಾಸುವ ಪ್ರಶ್ನೆಯೂ ಇಲ್ಲ. ದಾರ ಮೂರು ನಾಲ್ಕು ಮಿಲಿಮೀಟರ್ ದಪ್ಪ ಇರಲಿ. ಗಾಳದ ತಂಗೂಸಿ ದಾರ ಸಡಿಲಾದರೆ ಹಕ್ಕಿಯ ಕಾಲಿಗೆ, ರೆಕ್ಕೆಗೆ ಸುತ್ತಿಕೊಂಡು ಜೀವ ತೆಗೆಯುತ್ತದೆ.

ಕಂಬದ ತುದಿಗೆ ನೆಟ್ಟಗೆ ನಿಲ್ಲುವ ಸಣ್ಣ ಕಡ್ಡಿಗಳು ಬೇಕು. ಲೋಹದ್ದು ಬೇಡ. ಕಡಲಿನ ವಿಎಚ್‌ಎಫ್ ರೇಡಿಯೋ 156 ಮೆಗಾಹರ್ಟ್ಸ್ ಸುಮಾರಿನಲ್ಲಿ ಕೆಲಸ ಮಾಡುತ್ತದೆ, ಅಲೆಯ ಉದ್ದ ಹತ್ತಿರ ಹತ್ತಿರ 2 ಮೀಟರ್. ಆಂಟೆನಾದ ಪಕ್ಕದಲ್ಲೇ ಲೋಹದ ಸರಳು ನಿಲ್ಲಿಸಿದರೆ ಸಿಗ್ನಲ್ ಹರಡುವ ರೀತಿಯೇ ಏರುಪೇರಾಗಬಹುದು. ಫೈಬರ್ ಕಡ್ಡಿ ಆದೀತು. ಬಾಲ ಕತ್ತರಿಸದ ಕಪ್ಪು ಕೇಬಲ್ ಟೈ ಕೂಡ ಆದೀತು. ಬಿಳಿಯದ್ದು ನಮ್ಮ ಬಿಸಿಲಿಗೆ ಬೇಗ ಪೆಡಸಾಗಿ ಮುರಿಯುತ್ತದೆ. ಕಪ್ಪಿನಲ್ಲಿರುವ ಇಂಗಾಲ ನೇರಳಾತೀತ ಕಿರಣವನ್ನು ತಡೆಯುತ್ತದೆ.

ಕಡ್ಡಿ ಹಾಕಿದರೆ ಯುದ್ಧ ಗೆದ್ದಂತೆ ಅಂದುಕೊಳ್ಳಬೇಡಿ. ಕಟ್ಟಡಗಳಿಗೆ ಹಾಕಿದ ಹಕ್ಕಿ ತಡೆಯುವ ಮುಳ್ಳುಗಳನ್ನೇ ಕಿತ್ತು ತಂದು ಯುರೋಪಿನ ಕಾಗೆ, ಮ್ಯಾಗ್‌ಪೈಗಳು ಗೂಡು ಕಟ್ಟಿಕೊಂಡಿದ್ದನ್ನು 2023ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ವರದಿ ಮಾಡಿದರು. ನಮ್ಮ ಊರುಕಾಗೆಗೂ ಹಡಗು ಹೊಸದಲ್ಲ. 1990ರ ದಶಕದಲ್ಲಿ ಅದು ನೆದರ್ಲೆಂಡ್ಸ್‌ನ ಹುಕ್ ಆಫ್ ಹಾಲೆಂಡ್ ಬಂದರಿನಲ್ಲಿ ಕಾಣಿಸಿಕೊಂಡಿತು. ಹಡಗು ಹತ್ತಿಯೇ ಹೋಗಿರಬೇಕು, ಅಷ್ಟು ದೂರ ಹಾರುವ ಜಾತಿ ಅದಲ್ಲ.

ಗ್ರೀಸ್, ಅಂಟು ಬಳಿಯುವವರೂ ಇದ್ದಾರೆ. ಇದು ಕ್ರೌರ್ಯ. ಗರಿಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮೈಗೆ ನೀರು ತಾಗದಂತೆ ಕಾಯುತ್ತವೆ. ಎಣ್ಣೆ ತಾಗಿದರೆ ಆ ಕೊಂಡಿ ಬಿಟ್ಟುಹೋಗಿ ಹಕ್ಕಿ ನೆನೆದು ಸಾಯುತ್ತದೆ. ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವ ಬಿಳಿ ಹೊಟ್ಟೆಯ ಕಡಲ ಹದ್ದೂ ಇದೇ ಕರಾವಳಿಯದ್ದು. ಇಂಥ ಹಕ್ಕಿಗಳಿಗೆ ಏಟು ಮಾಡುವುದು ಮಾತ್ರವಲ್ಲ, ಮೊಟ್ಟೆ, ಗೂಡು ಹಾಳು ಮಾಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ.

ಲಂಗರಿನ ಜಾಗವನ್ನು ಮೀನು ಕೊಯ್ಯುವ ಕಡೆಯಿಂದ ದೂರ ಇಟ್ಟುಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ. ಉಳಿದರ್ಧಕ್ಕೆ ದಾರ, ಕಡ್ಡಿ. ಮಳೆಗಾಲಕ್ಕೆ ಮೊದಲು ಕಾಗೆ ಗೂಡಿಗೆ ಜಾಗ ಹುಡುಕುವಾಗ ದಿನಾ ಒಮ್ಮೆ ತಲೆ ಎತ್ತಿ ನೋಡುತ್ತಿರಿ. ಗೂಡಿನ ನಾಲ್ಕು ಕಡ್ಡಿ ಬಿದ್ದಾಗಲೇ ತೆಗೆದರೆ ಅದು ಬೇರೆ ಕಡೆ ಹೋಗುತ್ತದೆ. ಮೊಟ್ಟೆ ಇಟ್ಟಾದ ಮೇಲೆ ಕಂಡರೆ ಕಾವಿಗೆ ಎರಡು ವಾರಕ್ಕಿಂತ ಸ್ವಲ್ಪ ಜಾಸ್ತಿ, ಮರಿ ಹಾರಲು ಇನ್ನೂ ಮೂರು ನಾಲ್ಕು ವಾರ, ಅಷ್ಟು ದಿನ ಕಾಯಲೇಬೇಕು. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ, ಹಾಯಿದೋಣಿಯೂ ಹೇಗೂ ದಡದಲ್ಲೇ ಇರುತ್ತದೆ. ಕಂಬ ಇಳಿಸಿ ದಾರ, ಕೇಬಲ್ ಟೈ ಬದಲಿಸಿಕೊಳ್ಳಲು ಅದೇ ಸರಿಯಾದ ಹೊತ್ತು.