ಹ್ಯಾಂಗ್ ಆಗುವ ಡೆಸ್ಕ್‌ಟಾಪ್: ಫಾರ್ಮ್ಯಾಟ್‌ಗೆ ಮೊದಲು ನೋಡಬೇಕಾದದ್ದು

ದಾವಣಗೆರೆಯ ಕಂಪ್ಯೂಟರ್ ಅಂಗಡಿಗೆ ಬರುವ ಗಿರಾಕಿ ಹೇಳುವುದು ಹೆಚ್ಚಾಗಿ ಒಂದೇ ಮಾತು: "ಸಿಸ್ಟಮ್ ಹ್ಯಾಂಗ್ ಆಗ್ತೈತ್ರಿ, ಒಂದ್ಸಲ ಫಾರ್ಮ್ಯಾಟ್ ಮಾಡಿಕೊಡ್ರಿ." ಹಾರ್ಡ್‌ವೇರ್ ಕಲಿಯುವವರ ಕೈಯೂ ಮೊದಲು ಅಲ್ಲಿಗೇ ಹೋಗುತ್ತದೆ. ಫಾರ್ಮ್ಯಾಟ್‌ನಿಂದ ತೊಂದರೆ ಹೋಗುತ್ತದೋ ಇಲ್ಲವೋ, ತೊಂದರೆಯ ಗುರುತುಗಳಂತೂ ಪೂರ್ತಿ ಅಳಿಸಿಹೋಗುತ್ತವೆ. ಆದ್ದರಿಂದ ಅದು ಕೊನೆಗಿರಲಿ.

ಮೊದಲು ಗಿರಾಕಿಯನ್ನು ಸರಿಯಾಗಿ ಕೇಳಬೇಕು: ನಿಂತಾಗ ಏನು ಕಾಣುತ್ತದೆ? ಮೌಸ್ ಓಡಾಡುತ್ತದೆ, ಆದರೆ ಒತ್ತಿದ್ದು ಯಾವುದೂ ತೆರೆಯುವುದಿಲ್ಲ, ಕ್ಯಾಬಿನೆಟ್ಟಿನ ಕೆಂಪು ದೀಪ ಆರದೆ ಉರಿಯುತ್ತಿದೆ ಅಂದರೆ ಡಿಸ್ಕ್ ಮೇಲೆ ಅನುಮಾನ. ಚಿತ್ರ ಅಲ್ಲಾಡದೆ ನಿಂತು ಸ್ಪೀಕರ್ ಗುಂಯ್ ಅಂದರೆ ರ‍್ಯಾಮ್, ಬಿಸಿ ಅಥವಾ ಗ್ರಾಫಿಕ್ಸ್. ಯಾವ ಸೂಚನೆಯೂ ಇಲ್ಲದೆ ಪಟ್ಟಂತ ಆಫ್ ಆದರೆ ಬಿಸಿ ಇಲ್ಲವೇ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ). ಪೂರ್ತಿ ನಿಂತ ಹಾಗೆ ಕಂಡಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ವಿಂಡೋಸ್ ಒಳಗೆ ಇನ್ನೂ ಓಡುತ್ತಿದೆ, ಡಿಸ್‌ಪ್ಲೇ ಅಥವಾ ಯಾವುದೋ ಪ್ರೋಗ್ರಾಂ ಮಾತ್ರ ಸಿಕ್ಕಿಕೊಂಡಿದೆ.

ದುಡ್ಡು ಬೇಡದ ಇನ್ನೊಂದು ಪರೀಕ್ಷೆ ಇದೆ. ಬಯೋಸ್ ಸೆಟಪ್‌ಗೆ (ಬೋರ್ಡಿನದೇ ಸೆಟ್ಟಿಂಗ್ ಪರದೆ) ಹೋಗಿ ಅರ್ಧ ಗಂಟೆ ಸುಮ್ನೆ ಬಿಡಿ. ಅಲ್ಲಿ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಅಲ್ಲೂ ಹ್ಯಾಂಗ್ ಆದರೆ ಫಾರ್ಮ್ಯಾಟ್ ಮಾಡಿ ಏನು ಉಪಯೋಗ, ಅಲ್ವಾ? ಅಲ್ಲಿ ಸರಿಯಿದ್ದರೆ ಪೆನ್‌ಡ್ರೈವ್‌ನಿಂದ ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಬೇರೆ ಆಪರೇಟಿಂಗ್ ಸಿಸ್ಟಮ್) ಹಾಕಿ ವಿಡಿಯೋ ಓಡಿಸಿ. ಗಂಟೆಗಟ್ಟಲೆ ನಿಲ್ಲದೆ ಓಡಿದರೆ ಉಳಿಯುವುದು ವಿಂಡೋಸ್, ಅದರ ಡ್ರೈವರ್, ಇಲ್ಲವೇ ಅದು ಕೂತಿರುವ ಡಿಸ್ಕ್.

ವಿಂಡೋಸ್ ತನ್ನೊಳಗೆ ನಡೆದದ್ದನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಕೆಂಪು ಗುರುತಿನ ಕರ್ನಲ್-ಪವರ್ 41 ನೋಡಿದ ಕೂಡಲೇ "ಎಸ್‌ಎಂಪಿಎಸ್ ಹೋಗಿದೆ" ಅನ್ನುವವರು ಜಾಸ್ತಿ. 41 ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ. ಕರೆಂಟ್ ಹೋದರೂ ಅದೇ ಬರುತ್ತದೆ, ಹ್ಯಾಂಗ್ ಆಗಿ ನೀವೇ ಬಟನ್ ಒತ್ತಿ ಹಿಡಿದರೂ ಅದೇ. ಕಾರಣ ಬೇಕಾದರೆ ಅದಕ್ಕಿಂತ ಸ್ವಲ್ಪ ಮುಂಚಿನ ಸಾಲುಗಳನ್ನು ಓದಬೇಕು. ನೀಲಿ ಸ್ಕ್ರೀನ್ ಬಂದು ತಕ್ಷಣ ರೀಸ್ಟಾರ್ಟ್ ಆಗುತ್ತಿದ್ದರೆ, ಸ್ಟಾರ್ಟಪ್ ಆಂಡ್ ರಿಕವರಿಯಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆಯಿರಿ. ಆಗ ನೀಲಿ ಸ್ಕ್ರೀನ್ ಹಾಗೇ ನಿಲ್ಲುತ್ತದೆ, ಅದರಲ್ಲಿರುವ ಸ್ಟಾಪ್ ಕೋಡ್ (ತಪ್ಪಿನ ಗುರುತು) ನಿಧಾನವಾಗಿ ಬರೆದುಕೊಳ್ಳಬಹುದು.

ಈಗ ನಮ್ಮೂರಿನ ಮುಖ್ಯ ವಿಷಯ, ಬಿಸಿ ಮತ್ತು ಧೂಳು. ರೈಸ್ ಮಿಲ್ಲಿನ ಆಫೀಸಿನಲ್ಲಿ ತೌಡಿನ ಪುಡಿ, ಮಂಡಕ್ಕಿ ಭಟ್ಟಿಗಳ ಹತ್ತಿರ ಮಸಿ. ಫ್ಯಾನ್ ಇದನ್ನೆಲ್ಲ ಎಳೆದು ಪ್ರೊಸೆಸರಿನ ಬಿಸಿ ಹೀರುವ ಲೋಹದ ಹೀಟ್‌ಸಿಂಕಿನ ಸಂದುಗಳಲ್ಲಿ ಕಂಬಳಿ ಹೊದಿಸಿದ ಹಾಗೆ ಕೂರಿಸುತ್ತದೆ. ಹೀಟ್‌ಸಿಂಕ್ ಎಷ್ಟೇ ಚೆನ್ನಾಗಿದ್ದರೂ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಜನವರಿಯ ಬೆಳಗ್ಗೆಗಿಂತ ಏಪ್ರಿಲ್ ಮಧ್ಯಾಹ್ನ ಕೋಣೆ 15 ಡಿಗ್ರಿ ಜಾಸ್ತಿ ಬಿಸಿ ಇದ್ದರೆ, ಅದೇ ಕೆಲಸಕ್ಕೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಳಗ್ಗೆ ಸರಿ, ಮಧ್ಯಾಹ್ನ ಹ್ಯಾಂಗ್ ಅಂದರೆ ಮೊದಲು ಇದನ್ನೇ ಹಿಡಿಯಿರಿ. ಎಚ್‌ಡಬ್ಲ್ಯುಇನ್ಫೋ ಪ್ರೋಗ್ರಾಂ ಹಾಕಿ ಬಿಸಿ ಎಷ್ಟಿದೆ ನೋಡಿ. ಬಹಳಷ್ಟು ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಹತ್ತಿರ ಬಂದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಅದಕ್ಕೂ ಬಗ್ಗದಿದ್ದರೆ ಆಫ್ ಆಗುತ್ತವೆ.

ಕ್ಯಾಬಿನೆಟ್ ತಗೊಂಡು ಹೋಗಿ ಪಂಚರ್ ಅಂಗಡಿಯ ಏರ್ ಹಿಡಿಸುವ ರೂಢಿ ಇದೆ. ನನಗೆ ಅದು ಸರಿಬರುವುದಿಲ್ಲ. ಕಂಪ್ರೆಸರ್ ಟ್ಯಾಂಕಿನ ನೀರಿನ ಹನಿ ಗಾಳಿಯ ಜೊತೆಗೇ ಬೋರ್ಡ್ ಮೇಲೆ ಬೀಳುತ್ತದೆ. ಬ್ರಷ್, ಸಣ್ಣ ಬ್ಲೋವರ್ ಸಾಕು; ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಪ್ರೊಸೆಸರ್ ಮತ್ತು ಹೀಟ್‌ಸಿಂಕಿನ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಹಳೆಯದನ್ನು ಒರೆಸಿ ಅಕ್ಕಿ ಕಾಳಿನಷ್ಟು ಹೊಸದು ಹಾಕಿ. ಇಂಟೆಲ್ ಜೊತೆ ಬರುವ ಫ್ಯಾನನ್ನು ಬೋರ್ಡಿಗೆ ಒತ್ತಿ ಕೂರಿಸುವ ನಾಲ್ಕು ಪಿನ್‌ಗಳಲ್ಲಿ ಒಂದು ಸಡಿಲವಿದ್ದರೂ ಈ ಶ್ರಮವೆಲ್ಲ ದಂಡ.

ಎಸ್‌ಎಂಪಿಎಸ್‌ಗೆ ಮಲ್ಟಿಮೀಟರ್ ಹಿಡಿಯಿರಿ. ಕಪ್ಪು ಮತ್ತು ಹಳದಿ ವೈರಿನ ನಡುವೆ 11.4ರಿಂದ 12.6 ವೋಲ್ಟ್, ಕಪ್ಪು ಮತ್ತು ಕೆಂಪಿನ ನಡುವೆ 4.75ರಿಂದ 5.25 ಬರಬೇಕು. ಸಿಸ್ಟಮ್ ಕೆಲಸ ಮಾಡುತ್ತಿರುವಾಗಲೇ ಅಳೆಯಬೇಕು, ಖಾಲಿ ಕೂತಾಗ ಕೆಟ್ಟ ಎಸ್‌ಎಂಪಿಎಸ್ ಕೂಡ ಸರಿಯಾದ ಲೆಕ್ಕ ತೋರಿಸಬಹುದು. ಅದರ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಕೊಡುತ್ತದೆ. ಮೀಟರ್ ನಂಬಿಕೆ ಬರದಿದ್ದರೆ ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡುವುದೇ ದಾರಿ.

ರ‍್ಯಾಮ್ ಕೆಲಸ ಸರಳ. ಎರಡಿದ್ದರೆ ಒಂದೊಂದಾಗಿ ಹಾಕಿ, ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿ. ಒಂದು ಎರರ್ ಬಂದರೂ ಅದು ಪಾಸ್ ಅಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ರ‍್ಯಾಮ್, ಎಸ್‌ಎಂಪಿಎಸ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ಬಿಲ್ಲಿನಲ್ಲಿ ಏನು ಬರೆಯುತ್ತೀರಿ?

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂ. ಹಾರ್ಡ್ ಡಿಸ್ಕಿಗೆ ಅದು ತೋರಿಸುವ ಪಟ್ಟಿಯಲ್ಲಿ 05 ಅಂದರೆ ಕೆಟ್ಟು ಬದಲಾದ ಸೆಕ್ಟರ್‌ಗಳು, ಸಿ5 ಅಂದರೆ ಓದಲು ಒದ್ದಾಡುತ್ತಿರುವ ಸೆಕ್ಟರ್‌ಗಳು. ಸಿ7 (ಕೇಬಲ್ಲಿನಲ್ಲಿ ಡೇಟಾ ಸಾಗುವಾಗಿನ ಎರರ್‌ಗಳು) ಮಾತ್ರ ಏರುತ್ತಿದ್ದರೆ ಡಿಸ್ಕ್ ಬಿಸಾಡಬೇಡಿ, ಮೊದಲು ಸಾಟಾ ಕೇಬಲ್ ಬದಲಿಸಿ. ಸಿ5 ಏರುತ್ತಿದ್ದರೆ ಚೆಕ್ ಡಿಸ್ಕ್ ಓಡಿಸಲು ಹೋಗಬೇಡಿ. ಸಾಯುತ್ತಿರುವ ಡಿಸ್ಕಿನ ಮೂಲೆಮೂಲೆಯನ್ನೂ ಅದು ಓದಿಸುತ್ತದೆ, ಅಷ್ಟರಲ್ಲಿ ಡಿಸ್ಕ್ ಪೂರ್ತಿ ಕೈಕೊಡಬಹುದು. ಮೊದಲು ಲೆಕ್ಕಪತ್ರದ ಟ್ಯಾಲಿ ಫೋಲ್ಡರ್ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಗಿರಾಕಿಯ ಎದುರೇ ತೆರೆದು ತೋರಿಸಿ, ಆಮೇಲೆ ಹೊಸ ಎಸ್‌ಎಸ್‌ಡಿಯ ಮಾತು ತೆಗೆಯಿರಿ.